2 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗೆ ಎಲ್ಲಕ್ಕಿಂತ ಹಗುರವಾದ ಲಿನಕ್ಸ್ ಡೆಸ್ಕ್‌ಟಾಪ್ (ಮೆನು, ಪ್ಯಾನೆಲ್, ಕಿಟಕಿಗಳ ಪರಿಸರ) ಯಾವುದು?

ಎಕ್ಸ್‌ಎಫ್‌ಸಿಇ. ಖಾಲಿ ಪರದೆಯ ಅಂಕಿಯಲ್ಲಿ ಇದಕ್ಕಿಂತ ಹಗುರವಾದವು ಇವೆ, ಆದರೆ ಹಾಕಿಕೊಳ್ಳಬೇಕಾದದ್ದು ಇದು. ಉತ್ತರ ಅಷ್ಟೇ. ಅವಸರ ಇದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಆದರೆ ನೀವು ಬರೆದದ್ದು ಹೀಗಿದೆ: 2 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಆಗಲೇ ಆಫ್ ಮಾಡಿದ್ದೇನೆ, ಈಗ ರ‍್ಯಾಮ್ ಬಳಕೆ 300 ಎಂಬಿಗಿಂತ ಕೆಳಗೆ ಇಳಿಸಲು ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಸಾಕಾ, ಇಲ್ಲಾ ಬರೀ ಓಪನ್‌ಬಾಕ್ಸ್‌ಗೆ ಹೋಗಬೇಕಾ? ನಡುವೆ ಸ್ವಾಪ್ ಬಗ್ಗೆ ಒಂದು ಮಾತು ಸುಮ್ನೆ ಬಂದು ಹೋಯಿತಲ್ಲ, ನನಗೆ ಕಂಡದ್ದು ಅದೊಂದೇ. ನಾನೂ ಒಂದು ಕಾಲದಲ್ಲಿ ಅದನ್ನು ಹೀಗೇ, ಹಲ್ಲುಜ್ಜಿದೆ ಅನ್ನುವ ಹಾಗೆ ಹೇಳುತ್ತಿದ್ದೆ.

ನನ್ನದು ಕೋರ್ 2 ಡ್ಯುಯೋ. 2 ಜಿಬಿ ರ‍್ಯಾಮ್, 5400 ಆರ್‌ಪಿಎಂ ಡಿಸ್ಕ್, ಹೆಸರಿಗೊಂದು ಬ್ಯಾಟರಿ. ಮೊದಲು ಗ್ನೋಮ್ ಡೆಸ್ಕ್‌ಟಾಪ್ ಇತ್ತು. ಮೆನು ಒತ್ತಿ ಅದು ತೆರೆಯುವಷ್ಟರಲ್ಲಿ ಯಾಕೆ ಒತ್ತಿದೆ ಅನ್ನೋದೇ ಮರೆತುಹೋಗುತ್ತಿತ್ತು. ಅದನ್ನು ತೆಗೆದು ಎಕ್ಸ್‌ಎಫ್‌ಸಿಇ ಹಾಕಿದೆ. ಲಾಗಿನ್ ಆದ ಮೇಲೆ ರ‍್ಯಾಮ್ ಬಳಕೆ ಸುಮಾರು 430 ಎಂಬಿ. ಮೆನು ತಕ್ಷಣ ತೆರೆಯಿತು, ಫೈಲ್ ಮ್ಯಾನೇಜರ್ ತಕ್ಷಣ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಉತ್ತರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಕಾಂಕಿ ಹಾಕಿಕೊಂಡೆ. ವಾಲ್‌ಪೇಪರ್ ಮೇಲೆ ಗಂಟೆ, ಸಿಪಿಯು, ರ‍್ಯಾಮ್ ಎಲ್ಲ ತೋರಿಸುತ್ತಾ ಕೂರುವ ಪ್ರೋಗ್ರಾಂ ಅದು. ರ‍್ಯಾಮ್ ಅಂಕಿಯನ್ನು ಪರದೆಯ ಬಲಗಡೆ ದೊಡ್ಡ ಅಕ್ಷರದಲ್ಲಿ ಇಟ್ಟೆ. ಅಲ್ಲಿಂದ ಮುಂದೆ ಕಂಪ್ಯೂಟರ್ ಆನ್ ಮಾಡುತ್ತಿದ್ದದ್ದೇ ಆ ಅಂಕಿ ನೋಡೋಕೆ. 430 ಇದ್ದದ್ದು 415 ಆದರೆ ಖುಷಿ. ಬ್ಲೂಟೂತ್ ಸರ್ವಿಸ್ ನಿಲ್ಲಿಸಿದೆ, ಪ್ರಿಂಟರ್ ಸರ್ವಿಸ್ ನಿಲ್ಲಿಸಿದೆ (ಪ್ರಿಂಟ್ ಬೇಕಾದ ದಿನ ಅರ್ಧ ಗಂಟೆ ಕೇಬಲ್ ಅಲ್ಲಾಡಿಸುತ್ತಾ ಕೂತಿದ್ದೆ, ಅದು ಬೇರೆ ಕಥೆ). ಆಮೇಲೆ ಎಲ್‌ಎಕ್ಸ್‌ಕ್ಯೂಟಿ, ಸುಮಾರು 350. ಅದೂ ಸಾಲದೆ ಓಪನ್‌ಬಾಕ್ಸ್. ಬರೀ ವಿಂಡೋ ಮ್ಯಾನೇಜರ್, ಅಂದರೆ ಕಿಟಕಿಗಳನ್ನು ಇಡುವ, ಸರಿಸುವ ಪ್ರೋಗ್ರಾಂ, ಮತ್ತೇನೂ ಇಲ್ಲ. 190 ಎಂಬಿ! ಸ್ಕ್ರೀನ್‌ಶಾಟ್ ತೆಗೆದು ಕಂಡವರಿಗೆಲ್ಲ ಕಳಿಸಿದೆ. ಯಾರಿಗೂ ಅರ್ಥವಾಗಲಿಲ್ಲ.

ಈ 190 ಎಷ್ಟು ಸುಳ್ಳು ಅನ್ನೋದು ನಿಧಾನಕ್ಕೆ ಗೊತ್ತಾಯಿತು. ಓಪನ್‌ಬಾಕ್ಸ್ ಜೊತೆ ಪ್ಯಾನೆಲ್ ಬರಲ್ಲ, ಟಿಂಟ್2 ಹಾಕಿದೆ. ವೈಫೈ ಐಕಾನ್ ಇಲ್ಲ, ಅದಕ್ಕೊಂದು ಆಪ್ಲೆಟ್. ವಾಲ್ಯೂಮ್‌ಗೆ ಇನ್ನೊಂದು. ಪೆನ್‌ಡ್ರೈವ್ ಚುಚ್ಚಿದರೆ ಏನೂ ಆಗುತ್ತಿರಲಿಲ್ಲ. ಬ್ಯಾಟರಿ ಕಡಿಮೆಯಾಗಿದೆ ಅಂತ ಹೇಳುವವರೇ ಇಲ್ಲ, ಪರದೆ ಒಮ್ಮೆಲೇ ಕಪ್ಪಾಗುತ್ತಿತ್ತು. ಪಾಸ್‌ವರ್ಡ್ ಕೇಳುವ ಪೋಲ್ಕಿಟ್ ಏಜೆಂಟ್ ಇಲ್ಲದ್ದರಿಂದ ಕೆಲವು ಪ್ರೋಗ್ರಾಂಗಳು ಕ್ಲಿಕ್ ಮಾಡಿದರೂ ತೆರೆಯುತ್ತಿರಲಿಲ್ಲ, ಯಾಕೆ ಅಂತಾನೂ ಹೇಳುತ್ತಿರಲಿಲ್ಲ. ಒಂದೊಂದನ್ನೇ ಹುಡುಕಿ ಸೇರಿಸಿದೆ. ಎಲ್ಲ ಸೇರಿಸಿ ಮುಗಿಯುವ ಹೊತ್ತಿಗೆ ಅಂಕಿ 340 ದಾಟಿತ್ತು. ಅಂದರೆ ಎರಡು ವಾರ ಕೂತು ನಾನೇ ಕೈಯಾರೆ ಒಂದು ಕುಂಟು ಎಕ್ಸ್‌ಎಫ್‌ಸಿಇ ಕಟ್ಟಿದ್ದೆ. ಉಳಿತಾಯ ಆದದ್ದು 90 ಎಂಬಿ. ಬ್ರೌಸರ್‌ನಲ್ಲಿ ಒಂದು ದೊಡ್ಡ ಪುಟ ತೆರೆದರೆ ಅಷ್ಟು ಹೋಗುತ್ತದೆ.

ಇಷ್ಟಕ್ಕೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ತಪ್ಪು ಇದಲ್ಲ.

ಎಲ್ಲೋ ಒಂದು ಟಿಪ್ ಓದಿದೆ: ಹಳೇ ಡಿಸ್ಕ್‌ನಲ್ಲಿ ಸ್ವಾಪ್ ಇದ್ದರೆ ಸಿಸ್ಟಂ ಸ್ಲೋ ಆಗುತ್ತದೆ, ಆಫ್ ಮಾಡಿ, ಎಲ್ಲ ರ‍್ಯಾಮ್‌ನಲ್ಲೇ ಓಡಲಿ. ಕೇಳೋಕೆ ಎಷ್ಟು ಸರಿ ಅನಿಸುತ್ತದೆ ಅಲ್ವಾ? ಡಿಸ್ಕ್ ನಿಧಾನ, ರ‍್ಯಾಮ್ ವೇಗ, ಡಿಸ್ಕ್ ಬಿಟ್ಟುಬಿಟ್ಟರೆ ಎಲ್ಲ ವೇಗ. ಸ್ವಾಪ್‌ಆಫ್ ಕೊಟ್ಟೆ, ಬೂಟ್ ಆಗುವಾಗ ಓದುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಸ್ವಾಪ್ ಸಾಲಿನ ಮುಂದೆ ಹ್ಯಾಶ್ (#) ಹಾಕಿ ಆ ಸಾಲು ನಡೆಯದ ಹಾಗೆ ಮಾಡಿದೆ. ಮೋಸ ಏನೆಂದರೆ, ಒಂದು ವಾರ ಅದು ನಿಜಕ್ಕೂ ವೇಗವಾಗಿತ್ತು. ಮೊದಲು ಟ್ಯಾಬ್ ಬದಲಿಸುವಾಗ ಒಂದು ಸಣ್ಣ ತಡೆ ಬರುತ್ತಿತ್ತು, ಅದು ಮಾಯ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ, ಅದೇ ಹುಮ್ಮಸ್ಸಿನಲ್ಲಿ ಲಿಬ್ರೆಆಫೀಸ್‌ನ ಆಟೋಸೇವ್ ಕೂಡ ಆಫ್ ಮಾಡಿದೆ. ಅದು ಸೇವ್ ಮಾಡುವಾಗೆಲ್ಲ ಒಂದು ಕ್ಷಣ ಟೈಪಿಂಗ್ ನಿಲ್ಲುತ್ತಿತ್ತು, ಸುಮ್ನೆ ಕಿರಿಕಿರಿ ಅಂತ.

ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಬರೆಯುತ್ತಿದ್ದೆ. ರಾತ್ರಿ. ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ಲಿಬ್ರೆಆಫೀಸ್, ಪಕ್ಕದಲ್ಲಿ ಒಂದು ಪಿಡಿಎಫ್. ಇನ್ನೊಂದು ಪಿಡಿಎಫ್ ತೆರೆಯಲು ಕ್ಲಿಕ್ ಮಾಡಿದೆ. ಡಿಸ್ಕ್‌ನ ದೀಪ ಹತ್ತಿತು. ಮಿನುಗಲಿಲ್ಲ, ಹತ್ತಿದ್ದು ಹತ್ತಿಯೇ ಇತ್ತು. ಮೌಸ್ ಅಲ್ಲಾಡಿಸಿದರೆ ಕರ್ಸರ್ ಅರ್ಧ ನಿಮಿಷ ಬಿಟ್ಟು ಬೇರೆಲ್ಲೋ ಹೋಗಿ ನಿಂತಿತು. ಕ್ಯಾಪ್ಸ್ ಲಾಕ್ ಒತ್ತಿದೆ, ಅದರ ದೀಪ ಹತ್ತಲಿಲ್ಲ. ಬಹಳ ಹೊತ್ತಿನ ಮೇಲೆ, ನಾನು ಒತ್ತಿದ್ದನ್ನೇ ಮರೆತಾಗ, ತಾನಾಗಿ ಹತ್ತಿತು. ಕಾಂಕಿಯ ಗಂಟೆ 1:17ಕ್ಕೆ ನಿಂತಿತ್ತು. ಅದರ ಕೆಳಗೆ ನನ್ನ ದಪ್ಪ ಅಕ್ಷರದ ರ‍್ಯಾಮ್ ಅಂಕಿ, ಅದೂ ನಿಂತಿತ್ತು. ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಕಪ್ಪು ಟರ್ಮಿನಲ್‌ಗೆ ಹೋಗಲು ನೋಡಿದೆ. ಲಾಗಿನ್ ಅಂತ ಬಂತು, ಹೆಸರು ಟೈಪ್ ಮಾಡಿದೆ, ಪಾಸ್‌ವರ್ಡ್ ಕೇಳುವ ಮೊದಲೇ ಸಮಯ ಮೀರಿತು ಅಂತ ಮತ್ತೆ ಹೆಸರು ಕೇಳಿತು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಕಾದೆ. ಆಮೇಲೆ ಪವರ್ ಬಟನ್ ಒತ್ತಿ ಹಿಡಿದೆ.

ಹನ್ನೊಂದು ಪುಟ ಹೋಯಿತು. ಸಂಜೆಯಿಂದ ಒಂದು ಸಲವೂ ಕಂಟ್ರೋಲ್ ಎಸ್ ಒತ್ತಿರಲಿಲ್ಲ. ಬೆಳಿಗ್ಗೆ ಒಪ್ಪಿಸಬೇಕಿತ್ತು.

ಇದು ಯಾಕಾಯಿತು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಇದನ್ನು ನನಗೆ ಆಗ ಯಾರೂ ಹೇಳಿರಲಿಲ್ಲ. ಸ್ವಾಪ್ ಇಲ್ಲದಿದ್ದರೆ ರ‍್ಯಾಮ್ ತುಂಬಿದಾಗ ಒಂದು ಪ್ರೋಗ್ರಾಂ ಸಾಯುತ್ತದೆ, ಉಳಿದದ್ದು ನಡೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲ್ಲ. ರ‍್ಯಾಮ್‌ನಲ್ಲಿ ಮುಖ್ಯವಾಗಿ ಎರಡು ಥರದ ಸಾಮಾನು ಇರುತ್ತದೆ. ಒಂದು, ನೀವು ಮಾಡಿದ ಕೆಲಸ: ಟೈಪ್ ಮಾಡಿದ ಪುಟ, ತೆರೆದ ಟ್ಯಾಬ್‌ಗಳ ಒಳಗಿನದು. ಇದರ ಪ್ರತಿ ಬೇರೆಲ್ಲೂ ಇಲ್ಲ, ಇಡೋಕೆ ಜಾಗ ಅಂದರೆ ಸ್ವಾಪ್ ಒಂದೇ. ಇನ್ನೊಂದು, ಡಿಸ್ಕ್‌ನಿಂದ ಓದಿ ತಂದದ್ದು: ಪ್ರೋಗ್ರಾಂಗಳ ಕೋಡ್, ಲೈಬ್ರರಿಗಳು. ಇದನ್ನು ಎಸೆದರೂ ಮತ್ತೆ ಓದಿ ತರಬಹುದು. ಸ್ವಾಪ್ ಅನ್ನೋದು ಮನೆಯ ಅಟ್ಟ ಇದ್ದ ಹಾಗೆ. ಬೆಳಿಗ್ಗೆ ತೆರೆದು ಮರೆತ ಟ್ಯಾಬ್ ಅಟ್ಟಕ್ಕೆ ಹೋಗುತ್ತದೆ, ಕೆಳಗೆ ಓಡಾಡಲು ಜಾಗ ಆಗುತ್ತದೆ. ನಾನು ಅಟ್ಟ ಕಿತ್ತು ಹಾಕಿದ್ದೆ. ಈಗ ಕರ್ನಲ್ (ಸಿಸ್ಟಂನ ತಿರುಳು, ರ‍್ಯಾಮ್ ಹಂಚೋದು ಅದೇ) ಆ ಟ್ಯಾಬ್ ಅನ್ನು ಎಲ್ಲಿಗೂ ಸಾಗಿಸುವ ಹಾಗಿಲ್ಲ. ಅದಕ್ಕೆ ಎಸೆಯಲು ಉಳಿದದ್ದು ಕೋಡ್ ಮಾತ್ರ, ಅಂದರೆ ಆ ಕ್ಷಣ ಓಡುತ್ತಿರುವ ಪ್ರೋಗ್ರಾಂಗಳದ್ದೇ ಕೋಡ್. ಕೈಯಲ್ಲಿರುವ ಸುತ್ತಿಗೆಯನ್ನು ಎಸೆದು, ಮುಂದಿನ ಏಟಿಗೆ ಮತ್ತೆ ಹೋಗಿ ತಂದು, ಅಷ್ಟರಲ್ಲಿ ಮೊಳೆ ಎಸೆದು, ಅದಕ್ಕೂ ಮತ್ತೆ ಓಡಿ. ಕರ್ಸರ್ ಸರಿಸುವ ಕೋಡ್ ಕೂಡ ಹೀಗೆ ಹೋಗಿ ಬರುತ್ತಿತ್ತು, ಅದಕ್ಕೇ ಅದು ಅರ್ಧ ನಿಮಿಷ ನಿಂತದ್ದು. 5400 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 11 ಮಿಲಿಸೆಕೆಂಡ್ ಬೇಕು, ಜೊತೆಗೆ ಹೆಡ್ ಸರಿಯುವ ಸಮಯ. ಚದುರಿದ ಜಾಗಗಳಿಂದ ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ.

ಹಾಗಾದರೆ ರ‍್ಯಾಮ್ ಮುಗಿದಾಗ ಒಂದು ಪ್ರೋಗ್ರಾಂ ಕೊಲ್ಲುವ, ಕರ್ನಲ್‌ನ ಓಓಎಂ ಕಿಲ್ಲರ್ ಎಲ್ಲಿಗೆ ಹೋಗಿತ್ತು? ಅಲ್ಲೇ ಇತ್ತು. ಇನ್ನೇನೂ ಬಿಡಿಸಿಕೊಳ್ಳಲು ಆಗಲ್ಲ ಅನ್ನುವಾಗ ಮಾತ್ರ ಅದು ಎದ್ದು ಬರುತ್ತದೆ. ಇಲ್ಲಿ ಪ್ರತಿ ಸಲ ನಾಲ್ಕು ಚೂರು ಕೋಡ್ ಎಸೆದರೆ ನಾಲ್ಕು ಚೂರು ಜಾಗ ಸಿಗುತ್ತಿತ್ತಲ್ಲ, ಕರ್ನಲ್ ಪ್ರಕಾರ ಕೆಲಸ ಸಾಗುತ್ತಿತ್ತು. ಡಿಸ್ಕ್ ಬಳಕೆ ಕಡಿಮೆ ಮಾಡಲು ಸ್ವಾಪ್ ತೆಗೆದೆ, ಡಿಸ್ಕ್ ಇಪ್ಪತ್ತು ನಿಮಿಷ ಉಸಿರು ಬಿಡದೆ ಓದಿತು. ಓಪನ್‌ಬಾಕ್ಸ್‌ನಿಂದ ಉಳಿಸಿದ ಆ 90 ಎಂಬಿ ಈ ಗಳಿಗೆಯನ್ನು ಬಹುಶಃ ಒಂದು ಟ್ಯಾಬ್ ಮಟ್ಟಿಗೆ ಮುಂದೆ ಹಾಕಿರಬಹುದು.

ಮರುವಾರ ಎಲ್ಲ ಅಳಿಸಿ ಮತ್ತೆ ಎಕ್ಸ್‌ಎಫ್‌ಸಿಇ ಹಾಕಿದೆ. ಸ್ವಾಪ್ ವಾಪಸ್ ತಂದೆ, 2 ಜಿಬಿ. ಅದರ ಮೇಲೆ ಝಡ್‌ರ‍್ಯಾಮ್. ನಿಮ್ಮ ಮೆಷಿನ್‌ಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತರೋದು ಇದೇ, ಡೆಸ್ಕ್‌ಟಾಪ್ ಅಲ್ಲ. ರ‍್ಯಾಮ್‌ನಲ್ಲೇ ಒಂದು ಭಾಗವನ್ನು ಸ್ವಾಪ್ ಥರ ಇಟ್ಟು, ಒಳಗೆ ಹೋಗೋದನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಸಾಮಾನ್ಯವಾಗಿ ಎರಡು ಮೂರು ಪಟ್ಟು ಚಿಕ್ಕದಾಗುತ್ತದೆ. ಸಿಪಿಯುಗೆ ಸ್ವಲ್ಪ ಕೆಲಸ ಬೀಳುತ್ತದೆ, ಆದರೆ ಕೋರ್ 2 ಡ್ಯುಯೋ ಕೂಡ ಆ ಡಿಸ್ಕ್‌ಗಿಂತ ಎಷ್ಟೋ ವೇಗ. ಫೆಡೋರಾ ಅನ್ನುವ ಲಿನಕ್ಸ್ 2020ರ 33ನೇ ಆವೃತ್ತಿಯಿಂದ ಇದನ್ನು ಮೊದಲೇ ಆನ್ ಮಾಡಿ ಕೊಡುತ್ತಿದೆ. ಡೆಬಿಯನ್, ಉಬುಂಟು ಕಡೆ ಝಡ್‌ರ‍್ಯಾಮ್ ಟೂಲ್ಸ್ ಅನ್ನುವ ಪ್ಯಾಕೇಜ್ ಹಾಕಿದರಾಯಿತು. ಜೊತೆಗೆ ಅರ್ಲಿಓಓಎಂ. ರ‍್ಯಾಮ್ ಮತ್ತು ಸ್ವಾಪ್ ಎರಡರಲ್ಲೂ ಶೇ. 10ಕ್ಕಿಂತ ಕಡಿಮೆ ಉಳಿದರೆ, ಕರ್ನಲ್ ಏಳುವವರೆಗೆ ಕಾಯದೆ, ಹೆಚ್ಚು ತಿನ್ನುವ ಪ್ರೋಗ್ರಾಂ ಅನ್ನು ಅದೇ ಕೊಲ್ಲುತ್ತದೆ. ಸಾಮಾನ್ಯವಾಗಿ ಸಾಯೋದು ಬ್ರೌಸರ್‌ನ ಒಂದು ಟ್ಯಾಬ್. ಸಾಯಲಿ ಬಿಡಿ. ಹನ್ನೊಂದು ಪುಟಕ್ಕಿಂತ ಒಂದು ಟ್ಯಾಬ್ ಅಗ್ಗ.

ಸ್ವಾಪಿನೆಸ್ (ಕರ್ನಲ್ ಎಷ್ಟು ಸುಲಭವಾಗಿ ಸ್ವಾಪ್ ಬಳಸಬೇಕು ಅನ್ನುವ ಅಂಕಿ) ಅನ್ನು ಸೊನ್ನೆಗೆ ಇಳಿಸಿ ಅಂತಲೂ ಹೇಳುವವರು ಸಿಗುತ್ತಾರೆ. ಅದು ಅದೇ ತಪ್ಪಿನ ತಮ್ಮ. 60 ಇದ್ದರೆ ಹಾಗೇ ಬಿಡಿ. ಝಡ್‌ರ‍್ಯಾಮ್ ಇದ್ದರೆ 100ಕ್ಕೆ ಏರಿಸಿದರೂ ಒಳ್ಳೆಯದೇ.

ಎಕ್ಸ್‌ಎಫ್‌ಸಿಇ ಯಾಕೆ ಅಂದರೆ, ಅದು ಇಡೀ ಡೆಸ್ಕ್‌ಟಾಪ್. ಬ್ಯಾಟರಿ, ಪೆನ್‌ಡ್ರೈವ್, ಲಾಕ್, ಎಲ್ಲ ಇರುತ್ತದೆ. ಒಲಿವಿಯೇ ಫೂರ್ದಾಂ 1996ರಲ್ಲಿ ಶುರು ಮಾಡಿದ್ದು, ನಿಮ್ಮ ಲ್ಯಾಪ್‌ಟಾಪ್‌ಗಿಂತ ಹಿರಿಯದು. ಇನ್ನೊಂದು ಕಾರಣವನ್ನು ಜನ ಗಮನಿಸಲ್ಲ: 2019ರ 4.14 ಆವೃತ್ತಿಯಿಂದ ಅದು ಜಿಟಿಕೆ 3 (ಕಿಟಕಿ, ಬಟನ್ ಬಿಡಿಸುವ ಲೈಬ್ರರಿ) ಮೇಲೆ ನಿಂತಿದೆ, ಫೈರ್‌ಫಾಕ್ಸ್ ಕೂಡ ಅದನ್ನೇ ಬಳಸುತ್ತದೆ. ಒಂದೇ ಲೈಬ್ರರಿ ರ‍್ಯಾಮ್‌ನಲ್ಲಿ ಒಂದು ಸಲ ಕೂತರೆ ಇಬ್ಬರಿಗೂ ಸಾಕು. ಎಲ್‌ಎಕ್ಸ್‌ಕ್ಯೂಟಿ ನಿಂತದ್ದು ಕ್ಯೂಟಿ ಅನ್ನುವ ಬೇರೆ ಲೈಬ್ರರಿ ಮೇಲೆ. ಅದರಲ್ಲಿ ಫೈರ್‌ಫಾಕ್ಸ್ ತೆರೆದರೆ ಎರಡೂ ಲೈಬ್ರರಿ ಬಂದು ಕೂರುತ್ತವೆ, ಖಾಲಿ ಪರದೆಯಲ್ಲಿ ಕಂಡ ಉಳಿತಾಯ ಅಲ್ಲೇ ಕರಗುತ್ತದೆ. ಎಲ್‌ಎಕ್ಸ್‌ಕ್ಯೂಟಿ ಕೆಟ್ಟದು ಅಂತಲ್ಲ. ನೋಡೋಕೆ ಇಷ್ಟವಾದರೆ ಅದೇ ಇಟ್ಟುಕೊಳ್ಳಿ. ಮಾಟೆ ಅನ್ನುವ ಡೆಸ್ಕ್‌ಟಾಪ್ ಇಷ್ಟವಾದರೆ ಮಾಟೆ. ಇದಕ್ಕೆಲ್ಲ ಜಗಳ ಬೇಡ. ಓಪನ್‌ಬಾಕ್ಸ್ ಮಾತ್ರ, ಕಟ್ಟುವ ಆಟವೇ ಖುಷಿ ಅನ್ನುವವರಿಗೆ. ವೇಗ ಬೇಕು ಅನ್ನುವವರಿಗಲ್ಲ.

ಎಕ್ಸ್‌ಎಫ್‌ಸಿಇ ಹಾಕಿದ ಮೇಲೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಕಾಂಪೊಸಿಟರ್ (ಕಿಟಕಿಗಳಿಗೆ ನೆರಳಿನಂಥ ಅಲಂಕಾರ ಕೊಡುವ ಭಾಗ) ಆಫ್ ಮಾಡಿ ನೋಡಿ. ನೆರಳು ಹೋಗುತ್ತದೆ, ಹಳೇ ಗ್ರಾಫಿಕ್ಸ್ ಚಿಪ್‌ಗೆ ಉಸಿರು ಬರುತ್ತದೆ. ವಿಡಿಯೋ ತಡವರಿಸಿದರೆ ಅದಕ್ಕೆ ಡೆಸ್ಕ್‌ಟಾಪ್ ಅನ್ನು ಬೈಯಬೇಡಿ. ಯೂಟ್ಯೂಬ್ ವಿಡಿಯೋವನ್ನು ವಿಪಿ9 ಅನ್ನುವ ಹೊಸ ರೂಪದಲ್ಲಿ ಕಳಿಸುತ್ತದೆ, ಹಳೇ ಚಿಪ್‌ಗೆ ಅದು ಬರಲ್ಲ, ಪೂರ್ತಿ ಭಾರ ಸಿಪಿಯು ಮೇಲೆ. ಎಚ್264ಇಫೈ ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ಹಳೇ ರೂಪದಲ್ಲೇ ತರಿಸಬಹುದು. ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ ಅಂತಲೂ ಒಮ್ಮೆ ನೋಡಿಕೊಳ್ಳಿ. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ.

ಎಸ್‌ಎಸ್‌ಡಿ ಹಾಕಿ ಅಂತ ಉಳಿದವರೆಲ್ಲ ಹೇಳುತ್ತಾರೆ. ಹೇಳೋದು ಸರಿ, ಆದರೆ ದುಡ್ಡು ಇದ್ದಾಗ.

ಈಗ ಒಂದು ಕೆಲಸ ಮಾಡಿ. ಮೊದಲು ಎಫ್‌ಎಸ್‌ಟ್ಯಾಬ್‌ನ ಆ ಹ್ಯಾಶ್ ತೆಗೆಯಿರಿ, ಸ್ವಾಪ್ ಆನ್ ಮಾಡಿ. ಆಮೇಲೆ ದಿನಾ ತೆರೆಯುವಷ್ಟು ಟ್ಯಾಬ್ ತೆರೆದು, ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ ಅಂತ ಕೊಟ್ಟು ಪಕ್ಕದಲ್ಲಿ 1 ಬರೆದು ಒತ್ತಿ. ಎಸ್‌ಐ (ಸ್ವಾಪ್‌ನಿಂದ ಬಂದದ್ದು), ಎಸ್‌ಓ (ಸ್ವಾಪ್‌ಗೆ ಹೋದದ್ದು) ಅಂತ ಎರಡು ಕಂಬ ಇರುತ್ತವೆ. ಆಗೊಮ್ಮೆ ಈಗೊಮ್ಮೆ ಅಂಕಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅಟ್ಟಕ್ಕೆ ಸಾಮಾನು ಹೋಗುತ್ತಿದೆ ಅಷ್ಟೇ. ಎರಡರಲ್ಲೂ ಬಿಡದೆ ದೊಡ್ಡ ಅಂಕಿ ಓಡುತ್ತಿದ್ದರೆ ಮಾತ್ರ ರ‍್ಯಾಮ್ ಸಾಲದು ಅಂತ ಅರ್ಥ. ಹಾಗಿದ್ದರೆ ಡಿಎಂಐಡಿಕೋಡ್ ಕಮಾಂಡ್‌ನಿಂದ ಮೆಮೊರಿ ವಿವರ ತೆಗೆದು, ಎಷ್ಟು ಸ್ಲಾಟ್ ಇವೆ, ಎಷ್ಟು ಖಾಲಿ ಇವೆ ಅಂತ ಕೆಳಗೆ ಬರೆಯಿರಿ. ನನ್ನದರಲ್ಲಿ ಒಂದು ಸ್ಲಾಟ್ ಮೊದಲ ದಿನದಿಂದಲೂ ಖಾಲಿ ಇತ್ತು. ನಾನು ಅದನ್ನು ತೆರೆದು ನೋಡಿದ್ದು ಎಲ್ಲ ಮುಗಿದು ಒಂದು ವರ್ಷ ಆದಮೇಲೆ.