ಹೋಮ್‌ವರ್ಕ್ ಕೇಳಿದರೆ ಯಾಕೆ ಯಾರೂ ಹೇಳಲ್ಲ?

ಪ್ರಶ್ನೆ: ಸಬ್‌ನೆಟ್ಟಿಂಗ್ (ಒಂದು ಕಂಪ್ಯೂಟರ್ ನೆಟ್‌ವರ್ಕ್ ಅನ್ನು ಚಿಕ್ಕ ಭಾಗಗಳಾಗಿ ಹಂಚುವ) ಲೆಕ್ಕವನ್ನು ಆನ್‌ಲೈನ್ ಗುಂಪಿನಲ್ಲಿ ಹಾಕಿದೆ. ‘ನೀನೇ ಮಾಡು’ ಅಂದರು. ಹೇಗೆ ಕೇಳಲಿ?
– ಡಿಪ್ಲೊಮಾ ವಿದ್ಯಾರ್ಥಿನಿ, ಶಿರಸಿ

ಉತ್ತರ: ಸುಮ್ನೆ ಪ್ರಶ್ನೆಯ ಫೋಟೋ ಹಾಕಿ ‘ಅರ್ಜೆಂಟ್’ ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ, ಅಲ್ವಾ? ನೀವು ಎಲ್ಲಿ ಸಿಕ್ಕಿಕೊಂಡಿದ್ದೀರಿ ಅನ್ನುವುದನ್ನು ಬರೆಯಿರಿ. 192.168.10.0/26 ಎಂಬ ನೆಟ್‌ವರ್ಕ್ ವಿಳಾಸ ಕೊಟ್ಟಿದ್ದಾರೆ ಅನ್ನಿ; ವಿಳಾಸದ ಒಟ್ಟು 32 ಬಿಟ್‌ಗಳಲ್ಲಿ (0 ಅಥವಾ 1ರ ಅಂಕಿಗಳಲ್ಲಿ) ಮೊದಲ 26 ನೆಟ್‌ವರ್ಕ್‌ಗೆ ಎಂದರ್ಥ. ‘32ರಲ್ಲಿ 26 ಕಳೆದು 6 ಬಿಟ್ ಉಳಿಯಿತು, ಅಂದರೆ 64 ವಿಳಾಸ, ಆದರೆ ಪುಸ್ತಕದಲ್ಲಿ ಕಂಪ್ಯೂಟರ್‌ಗಳಿಗೆ 62 ಮಾತ್ರ ಅಂತಿದೆ, ಯಾಕೆ?’ ಎಂದು ಕೇಳಿ ನೋಡಿ. ಮೊದಲನೆಯದು ನೆಟ್‌ವರ್ಕ್‌ನ ಗುರುತಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಸಂದೇಶ ಕಳಿಸಲು) ಹೋಗುತ್ತದೆ ಎಂದು ಯಾರಾದರೂ ಖುಷಿಯಿಂದಲೇ ಹೇಳುತ್ತಾರೆ. ಹೋಮ್‌ವರ್ಕ್ ಅನ್ನುವುದನ್ನು ಮುಚ್ಚಿಡಬೇಡಿ. ಪ್ಯಾಕೆಟ್ ಟ್ರೇಸರ್‌ನಲ್ಲಿ (ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡುವ ಸಾಫ್ಟ್‌ವೇರ್‌ನಲ್ಲಿ) ಮಾಡಿದ್ದರೆ, ಪಿಂಗ್ (ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ) ಕೊಟ್ಟಾಗ ಬಂದ ಸಂದೇಶವನ್ನೂ ಇದ್ದ ಹಾಗೇ ಹಾಕಿ.