ನಮ್ಮೂರಿಗೆ ಟಿಕೆಟ್ ತಗೊಂಡು ಹೋಗಿದ್ದೆ

ನೀವು ಕೇಳಿರುವುದು ಇಷ್ಟು: "ಚಿಕ್ಕಂದಿನಲ್ಲಿ ಬೆಳೆದ ಜಾಗಕ್ಕೆ ಮುಂದೆ ಪ್ರವಾಸಿಯಾಗಿ ಹೋದವರು ಯಾರಾದರೂ ಇದ್ದೀರಾ? ನಂದಿ ಬೆಟ್ಟದ ಕಡೆ ದ್ರಾಕ್ಷಿ ತೋಟ, ವೈನ್ ಟೂರ್ ನೋಡಬೇಕು ಅಂತಿದ್ದೇನೆ. ಆ ಕಡೆಯವರು ಹೇಳಿ."

ನಾನಿದ್ದೇನೆ. ನಾನು ಹುಟ್ಟಿದ್ದು ನಂದಿ ಬೆಟ್ಟದ ತಪ್ಪಲಲ್ಲಿ, ಚಿಕ್ಕಬಳ್ಳಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪನಿಗೆ ಒಂದೂವರೆ ಎಕರೆ ದ್ರಾಕ್ಷಿ ತೋಟ ಇತ್ತು. ಮದುವೆಯಾಗಿ ಮಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ತಮ್ಮ ಬೆಂಗಳೂರಲ್ಲಿದ್ದಾನೆ. ಊರಲ್ಲಿ ನಮ್ಮದು ಅನ್ನುವ ಮನೆ ಉಳಿದಿಲ್ಲ, ಹಾಗಾಗಿ ಹೋಗುವ ನೆಪವೂ ಇರಲಿಲ್ಲ. ಹೋದ ಫೆಬ್ರವರಿಯಲ್ಲಿ ನಮ್ಮ ಯಜಮಾನರ ಆಫೀಸಿನವರು ನಾಲ್ಕು ಮನೆಯವರು ಸೇರಿ ವ್ಯಾನ್ ಮಾಡಿಕೊಂಡು ನಂದಿ ಬೆಟ್ಟ, ವೈನ್ ಟೂರ್ ಅಂತ ಹೊರಟರು. ಹೋಂಸ್ಟೇ ಬುಕ್ ಆಯಿತು, ಟೂರಿಗೆ ಟಿಕೆಟ್ ಆಯಿತು. ನನ್ನ ಹೆಸರಿನ ಟಿಕೆಟ್ ಫೋನಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. ನಮ್ಮೂರಿನ ದ್ರಾಕ್ಷಿ ತೋಟ ನೋಡೋಕೆ ನನಗೆ ಟಿಕೆಟ್!

ಮೊದಲು ತೋಟದ ವಿಷಯ ಹೇಳುತ್ತೇನೆ. ಅದು ಗೊತ್ತಿಲ್ಲದೆ ಹೋದರೆ ಅಲ್ಲಿ ಅರ್ಧ ಮಾತ್ರ ನೋಡಿದ ಹಾಗೆ.

ನಮ್ಮ ಕಡೆ ದ್ರಾಕ್ಷಿ ಅಂದರೆ ಬೆಂಗಳೂರು ಬ್ಲೂ. ಊರಲ್ಲಿ ಎಲ್ಲರೂ ಬರೀ 'ಬ್ಲೂ' ಅನ್ನುತ್ತಾರೆ. ಕಪ್ಪು ನೇರಳೆ ಬಣ್ಣ, ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಪುಡಿ. ಸಿಪ್ಪೆ ದಪ್ಪ. ಬಾಯಲ್ಲಿಟ್ಟು ಒತ್ತಿದರೆ ತಿರುಳು ಪುಳಕ್ಕನೆ ಜಾರಿ ಒಳಗೆ ಹೋಗುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಬೀಜ ಇದೆ, ಹುಳಿಯೂ ಇದೆ. ಆದರೆ ಆ ವಾಸನೆ! ಒಂದು ಬುಟ್ಟಿ ತಂದು ನಡುಮನೆಯಲ್ಲಿಟ್ಟರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಬೀಜ ಇಲ್ಲದ ದ್ರಾಕ್ಷಿಗೆ ಅಂಥ ವಾಸನೆ ಇಲ್ಲ. ಅಮೆರಿಕದ ಕಾಡು ದ್ರಾಕ್ಷಿ ಜಾತಿಯ ರಕ್ತ ಬ್ಲೂನಲ್ಲಿ ಸೇರಿದೆ, ಆ ವಾಸನೆ ಅಲ್ಲಿಂದ ಬಂದದ್ದು ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಚಿಕ್ಕವಳಿದ್ದಾಗ ಅದು ನಮ್ಮ ಮಣ್ಣಿನ ವಾಸನೆ ಅಂದುಕೊಂಡಿದ್ದೆ. 2013ರಲ್ಲಿ ಈ ಹಣ್ಣಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಪೇಪರಿನಲ್ಲಿ ಓದಿದ ದಿನ ಅಪ್ಪ ಇರಬೇಕಿತ್ತು ಅನಿಸಿತು.

ತೋಟ ಅಂದರೆ ಚಪ್ಪರ. ಆಳೆತ್ತರದ ಕಲ್ಲುಕೂಚ ಸಾಲಾಗಿ ನೆಟ್ಟು, ಮೇಲೆ ತಂತಿ ಎಳೆದು, ಬಳ್ಳಿ ಹಬ್ಬಿಸುವುದು. ಒಳಗೆ ಹೋದರೆ ಮಟಮಟ ಮಧ್ಯಾಹ್ನವೂ ತಂಪು, ಹಸಿರು ಬೆಳಕು. ಗೊಂಚಲು ದೊಡ್ಡವರ ತಲೆಗೆ ತಾಗುತ್ತಿತ್ತು, ನಮಗೆ ತಾಗುತ್ತಿರಲಿಲ್ಲ. ಯಾವ ವರ್ಷ ನನ್ನ ನೆತ್ತಿಗೆ ಮೊದಲ ಸಲ ಗೊಂಚಲು ತಾಗಿತೋ, ಆ ವರ್ಷ ಅಪ್ಪ ನನ್ನ ಕೈಗೆ ಕತ್ತರಿ ಕೊಟ್ಟರು. "ಇನ್ಮೇಲೆ ನೀನೂ ಕೂಲಿ ಆಳೇ ಕಣಮ್ಮ" ಅಂದರು. ನನಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ?

ಬ್ಲೂ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಹಾಗಾಗಿ ಕೆಲಸಕ್ಕೆ ಬಿಡುವಿಲ್ಲ. ಹಣ್ಣು ಬಣ್ಣ ತಿರುಗಿದರೆ ಗಿಳಿ, ಗೊರವಂಕ ಓಡಿಸೋಕೆ ತಗಡಿನ ಡಬ್ಬ ಬಡಿಯಬೇಕು. ಕೊಯ್ಲಿನ ದಿನ ಕತ್ತಲಿರುವಾಗಲೇ ಏಳಬೇಕು. ಏಪ್ರಿಲಿನಲ್ಲಿ ಮೋಡ ಕಟ್ಟಿದರೆ ಅಮ್ಮ ದೇವರ ಮುಂದೆ ನಿಲ್ಲುತ್ತಿದ್ದಳು. ಒಂದು ಆಲಿಕಲ್ಲು ಮಳೆ ಸಾಕು, ಹತ್ತು ನಿಮಿಷದಲ್ಲಿ ಆರು ತಿಂಗಳ ಬಾಳು ನೆಲಕ್ಕೆ.

ಇನ್ನೊಂದು ನೆನಪು ಬೋರ್ಡೋ. ಮೈಲುತುತ್ತ ಮತ್ತು ಸುಣ್ಣ ಬೇರೆ ಬೇರೆ ಕರಗಿಸಿ, ಡ್ರಮ್ಮಿಗೆ ಸುರಿದು ಕಲಸಿ, ಬೂಜು ರೋಗಕ್ಕೆ ಹೊಡೆಯುವ ಔಷಧಿ. ಹದ ಸರಿಯಾಗಿದೆಯಾ ಅಂತ ಅಪ್ಪ ಕುಡುಗೋಲಿನ ಅಲಗು ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ಹೊಡೆದು ಬಂದ ದಿನ ಅಪ್ಪನ ಅಂಗಿ, ಕೈ, ಹುಬ್ಬು ಎಲ್ಲಾ ತಿಳಿ ನೀಲಿ. ರಸ್ತೆ ಬದಿಯ ಸಾಲಿಗೆ ಒಂದು ಕೈ ಜಾಸ್ತಿಯೇ ಹೊಡೆಯುತ್ತಿದ್ದರು. ನೀಲಿ ಮೆತ್ತಿಕೊಂಡ ಗೊಂಚಲಿಗೆ ದಾರಿಹೋಕರು ಕೈ ಹಾಕುವುದಿಲ್ಲ, ಅಲ್ವಾ?

ಈಗ ಟೂರ್. ನಾವು ಹೋಗಿದ್ದು ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ನಡುವಿನ ರಸ್ತೆಯಲ್ಲಿ, ರಘುನಾಥಪುರದ ಹತ್ತಿರ ಇರುವ ಗ್ರೋವರ್ ತೋಟಕ್ಕೆ. ಕನ್ವಲ್ ಗ್ರೋವರ್ ಅನ್ನುವವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಹಾಯ ತಗೊಂಡು, ಫ್ರೆಂಚ್ ತಳಿಯ ವೈನ್ ದ್ರಾಕ್ಷಿಗೆ ಈ ಜಾಗ ಆರಿಸಿ, 1988ರಲ್ಲಿ ಕಂಪನಿ ಶುರು ಮಾಡಿದರು. 2012ರಲ್ಲಿ ನಾಸಿಕ್ ಕಡೆಯ ಒಂದು ಕಂಪನಿ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲೇ ಇದೆಲ್ಲ ಬೆಟ್ಟದ ಆಚೆ ಬದಿಗೆ ನಡೆಯುತ್ತಿತ್ತು. "ಅಲ್ಲೆಲ್ಲೋ ಫಾರಿನ್ ದ್ರಾಕ್ಷಿ ಹಾಕಿದಾರಂತೆ" ಅನ್ನುವ ಮಾತು ಬಿಟ್ಟರೆ ನಮಗೆ ಬೇರೇನೂ ಗೊತ್ತಿರಲಿಲ್ಲ.

ಅಲ್ಲಿ ಚಪ್ಪರ ಇಲ್ಲ. ಬೇಲಿ ಹಾಗೆ ಉದ್ದುದ್ದ ಸಾಲು. ಗೊಂಚಲು ಮೊಣಕಾಲಿನಿಂದ ಸೊಂಟದ ಎತ್ತರದಲ್ಲಿ ಇರುತ್ತದೆ, ಹಣ್ಣು ಚಿಕ್ಕದು. ಕತ್ತು ಎತ್ತಿ ದ್ರಾಕ್ಷಿ ನೋಡಿ ಅಭ್ಯಾಸ ಆದ ನನಗೆ ಬಗ್ಗಿ ನೋಡುವುದು ವಿಚಿತ್ರ ಅನಿಸಿತು. ಗೈಡ್ ಹುಡುಗ ಚೆನ್ನಾಗಿ ವಿವರಿಸಿದ. ತಿನ್ನುವ ದ್ರಾಕ್ಷಿಯಲ್ಲಿ ತೂಕ ಮುಖ್ಯ, ವೈನ್ ದ್ರಾಕ್ಷಿಯಲ್ಲಿ ಸಿಪ್ಪೆ ಮತ್ತು ರಸದ ಗಟ್ಟಿತನ ಮುಖ್ಯ. ಅದಕ್ಕೇ ಇಳುವರಿ ಬೇಕಂತಲೇ ಕಡಿಮೆ ಇಡುತ್ತಾರೆ. ಈ ಜಾಗ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು, ರಾತ್ರಿ ತಂಪು. ರಾತ್ರಿಯ ತಂಪಿನಿಂದ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ, ಹುಳಿ ಇಲ್ಲದಿದ್ದರೆ ವೈನ್ ಸಪ್ಪೆ. ಚಳಿಗೆ ಕಂಬಳಿ ಹೊದ್ದು ತೋಟ ಕಾಯುತ್ತಿದ್ದ ನಾವು, ಆ ಚಳಿಯಿಂದ ಹಣ್ಣಿಗೆ ಏನಾಗುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಒಳಗೆ ದೊಡ್ಡ ಸ್ಟೀಲ್ ಟ್ಯಾಂಕುಗಳು, ಓಕ್ ಮರದ ಪೀಪಾಯಿಗಳು. ಇಲ್ಲಿನ ವೈನಿಗೆ 1990ರ ದಶಕದಲ್ಲಿ ಮಿಶೆಲ್ ರೋಲಾನ್ ಎಂಬ ಹೆಸರಾಂತ ತಜ್ಞರು ಸಲಹೆಗಾರರಾಗಿ ಬಂದರು, ಅವರು ಬೋರ್ಡೋದವರು ಅಂತ ಗೈಡ್ ಹೇಳಿದ.

ಬೋರ್ಡೋ! ಆ ಪದ ನಾನು ಕೇಳಿದ್ದು ಅಪ್ಪನ ಡ್ರಮ್ಮಿನ ಪಕ್ಕದಲ್ಲಿ. ಅದೊಂದು ಊರು ಅಂತ ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಹೋಂಸ್ಟೇಯಲ್ಲಿ ಕೂತು ಓದಿದೆ. ಫ್ರಾನ್ಸಿನ ಬೋರ್ಡೋ ಕಡೆಯ ರೈತರು ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಹೊಡೆಯುತ್ತಿದ್ದರಂತೆ. ಆ ಸಾಲುಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಅನ್ನುವುದನ್ನು 1882ರಲ್ಲಿ ಮಿಯಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಔಷಧಿಗೆ ಆ ಊರಿನ ಹೆಸರೇ ನಿಂತಿತು. ರಸ್ತೆ ಬದಿಯ ಸಾಲಿಗೆ ಒಂದು ಕೈ ಜಾಸ್ತಿ ಹೊಡೆಯುತ್ತಿದ್ದ ಅಪ್ಪನಿಗೆ ಇದನ್ನು ಓದಿ ಹೇಳಬೇಕಿತ್ತು. ಅವರು ಜೋರಾಗಿ ನಗುತ್ತಿದ್ದರು.

ರುಚಿ ನೋಡಿದ್ದರ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಯಾರೂ ವೈನ್ ಕುಡಿದವರಲ್ಲ, ನನಗೂ ಅದೇ ಮೊದಲು. ಸೋವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್ ಮೂಗಿನ ಹತ್ತಿರ ತಂದರೆ ಹಸಿ ಮೆಣಸಿನಕಾಯಿ ಮುರಿದ ವಾಸನೆ, ಹಿಂದೆ ಸ್ವಲ್ಪ ಸೀಬೆಕಾಯಿ. ಕೆಂಪು ವೈನ್ ಕುಡಿದಾಗ ನಾಲಿಗೆ ಹಿಡಿದುಕೊಂಡಿತು. ಗೈಡ್ "ಅದು ಟ್ಯಾನಿನ್, ಮೇಡಂ, ಸಿಪ್ಪೆಯಿಂದ ಬೀಜದಿಂದ ಬರುತ್ತೆ" ಅಂದ. ನಾನು "ಒಗರು" ಅಂದೆ. ನೇರಳೆ ಹಣ್ಣು ತಿಂದಾಗಿನ ಒಗರು. ಅಷ್ಟು ಹೊತ್ತು ಮೇಡಂ ಅನ್ನುತ್ತಿದ್ದ ಹುಡುಗ "ನೀವು ಯಾವ ಕಡೆಯವರು ಅಕ್ಕ?" ಅಂತ ಕೇಳಿದ. ಊರಿನ ಹೆಸರು ಹೇಳಿದೆ. ಅವನ ಅಜ್ಜಿಯ ಊರು ನಮ್ಮೂರಿಂದ ಎರಡನೇ ಹಳ್ಳಿ!

ಅವನನ್ನೇ ಕೇಳಿದೆ, ಇದರಲ್ಲಿ ಬ್ಲೂ ಯಾಕಿಲ್ಲ ಅಂತ. ಬ್ಲೂ ವಾಸನೆ ತುಂಬಾ ಜೋರು ಅಕ್ಕ, ವೈನ್ ಮಾಡಿದರೂ ಹೋಗಲ್ಲ, ಜ್ಯೂಸಿಗೆ, ಜಾಮಿಗೆ, ಸಿಹಿ ಪೋರ್ಟ್ ವೈನಿಗೆ ಚೆನ್ನ, ಇಂಥ ವೈನಿಗೆ ಒಗ್ಗಲ್ಲ ಅಂದ. ಅವನು ಹೇಳಿದ್ದು ಸರಿ. ಆದರೂ ಆ ಮಾತು ನನಗೆ ನೋವು ಮಾಡಿತು. ಈ ನೆಲದಲ್ಲಿ ದ್ರಾಕ್ಷಿ ಬರುತ್ತದೆ ಅಂತ ತೋರಿಸಿಕೊಟ್ಟದ್ದು ಬ್ಲೂ. ಫ್ರೆಂಚ್ ತಳಿ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಚಪ್ಪರಗಳಿದ್ದವು. ನಂದಿಯನ್ನು ವೈನ್ ಸೀಮೆ ಅಂತ ತೋರಿಸುವಾಗ ಆ ಚಪ್ಪರಗಳನ್ನೂ ತೋರಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮಾರನೇ ದಿನ ನಾನೇ ಡ್ರೈವರಿಗೆ ದಾರಿ ಹೇಳಿದೆ. ನಮ್ಮೂರ ಕಡೆ ವ್ಯಾನ್ ತಿರುಗಿತು. ಊರು ಗುರುತು ಸಿಗೋಕೆ ಕಷ್ಟ ಆಯಿತು. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದಮೇಲೆ ಭೂಮಿಯ ರೇಟು ಎಲ್ಲಿಗೋ ಹೋಯಿತು. ಅದಕ್ಕಿಂತ ಮೊದಲೇ ನೀರು ಕೈಕೊಟ್ಟಿತ್ತು. ಅರ್ಕಾವತಿ, ಪಿನಾಕಿನಿ, ಪಾಲಾರ್ ಹುಟ್ಟುವ ಬೆಟ್ಟಸಾಲು ನಮ್ಮದು, ಆದರೆ ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮಗಿಲ್ಲ. ಎಲ್ಲಾ ಬೋರ್‌ವೆಲ್ ಬದುಕು. ಅಪ್ಪ ಮೂರು ಬೋರ್ ಕೊರೆಸಿದರು. ಮೂರನೆಯದರಲ್ಲಿ ಬರೀ ಧೂಳು ಬಂತು. ಆ ವರ್ಷ ಬಳ್ಳಿ ಬುಡಕ್ಕೆ ಗರಗಸ ಹಾಕಿದರು, ಕಲ್ಲುಕೂಚ ಕಿತ್ತು ಮಾರಿದರು. ಈಗ ರಸ್ತೆ ಪಕ್ಕದ ಲೇಔಟುಗಳಿಗೆ ಅಂಥ ಹಳೇ ಕಲ್ಲುಕೂಚಗಳನ್ನೇ ಬೇಲಿಗೆ ನೆಟ್ಟಿದ್ದಾರೆ. ಕಲ್ಲಿನ ತಲೆಯಲ್ಲಿ ತಂತಿ ಉಜ್ಜಿದ ಗೆರೆ ಇನ್ನೂ ಇದೆ. ವ್ಯಾನಿನಲ್ಲಿದ್ದ ಬೇರೆ ಯಾರಿಗೂ ಅದು ಕಾಣಲಿಲ್ಲ, ನನಗೆ ಬೇರೇನೂ ಕಾಣಲಿಲ್ಲ.

ಆದರೆ ನಮ್ಮ ತೋಟದ ಪಕ್ಕದ ತೋಟ ಇತ್ತು. ಚಪ್ಪರದ ತುಂಬಾ ಬ್ಲೂ! ಗೇಟಿನ ಹತ್ತಿರ ಕ್ರೇಟ್ ಜೋಡಿಸುತ್ತಿದ್ದ ವಯಸ್ಸಾದ ಹೆಂಗಸು "ಯಾರಮ್ಮಾ? ಕೇಜಿಗಟ್ಟಲೆ ಬೇಕಾ?" ಅಂದರು. ಅಪ್ಪನ ಹೆಸರು ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನ ಗಲ್ಲ ಹಿಡಿದು ನೋಡಿದರು. "ಡಬ್ಬ ಬಡೀತಿದ್ದ ಹುಡುಗಿ ಅಲ್ವೇನೇ ನೀನು?"

ಕತ್ತರಿ ಕೇಳಿ ತಗೊಂಡೆ. ಗೊಂಚಲಿನ ತೊಟ್ಟು ಎಡಗೈಯಲ್ಲಿ ಹಿಡಿದು, ಹಣ್ಣಿನ ಮೇಲಿನ ಬೂದಿ ಅಳಿಸದ ಹಾಗೆ ಕತ್ತರಿಸಿದೆ. ಕೈ ಮರೆತಿರಲಿಲ್ಲ. ನಮ್ಮ ಜೊತೆ ಬಂದವರು ಚಪ್ಪರದ ಕೆಳಗೆ ಬಂದು ನಿಂತರು. ಹಿಂದಿನ ದಿನ ಫೋಟೋ ತೆಗೆದು ತೆಗೆದು ಸುಸ್ತಾಗಿದ್ದವರು ಇಲ್ಲಿ ಫೋನನ್ನೇ ಮುಟ್ಟಲಿಲ್ಲ. ನಮ್ಮ ಯಜಮಾನರು ಆರಡಿ ಎತ್ತರ, ತಲೆ ತಗ್ಗಿಸಿಕೊಂಡೇ ತಿರುಗಾಡಿದರು. ಎಲ್ಲರ ನಾಲಿಗೆ ನೀಲಿ. ಇಷ್ಟು ವರ್ಷ ನಾನು ತೋಟ, ತೋಟ ಅಂತ ಹೇಳುತ್ತಿದ್ದದ್ದು ಏನು ಅಂತ ಅವರಿಗೆ ಆವತ್ತು ಗೊತ್ತಾಯಿತು. ಆ ಅಮ್ಮ ದುಡ್ಡು ಮುಟ್ಟಲಿಲ್ಲ. ತವರಿನ ಹಣ್ಣಿಗೆ ದುಡ್ಡು ಕೊಡ್ತಾರಾ ಅಂತ ಬೈದರು.

ನಿಮಗೆ ಬೇಕಾದ ವಿಷಯ: ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ, ಬಳ್ಳಿಯಲ್ಲಿ ಹಣ್ಣು ಇರುತ್ತದೆ. ವೈನರಿ ಟೂರಿಗೆ ಮೊದಲೇ ಬುಕ್ ಮಾಡಿ. ಕುಡಿಯದವರೊಬ್ಬರು ಗಾಡಿ ಓಡಿಸಲಿ. ಶನಿವಾರ, ಭಾನುವಾರ ಬೆಟ್ಟದ ದಾರಿಯಲ್ಲಿ ಗಾಡಿಗಳ ಸಾಲು ತುಂಬಾ ಉದ್ದ, ವಾರದ ಮಧ್ಯೆ ಹೋಗಿ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ತಪ್ಪಿಸಬೇಡಿ. ಸಾವಿರ ವರ್ಷಕ್ಕೂ ಹಳೆಯದು, ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಸಂಜೆ ಕೂರಬೇಕು. ಆಮೇಲೆ ರಸ್ತೆ ಪಕ್ಕ ಎಲ್ಲಾದರೂ ಚಪ್ಪರ ಕಂಡರೆ ಗಾಡಿ ನಿಲ್ಲಿಸಿ, ತೋಟದವರನ್ನು ಕೇಳಿ ಒಳಗೆ ಹೋಗಿ. ಕೇಳದೆ ಮಾತ್ರ ಒಂದು ಹಣ್ಣೂ ಕೀಳಬೇಡಿ. ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಅವರಿಗೇ ಗೊತ್ತಿರುತ್ತದೆ. ತೊಳೆದು ತಿನ್ನಿ. ಒಂದೆರಡು ಕೇಜಿ ಕೊಂಡುಕೊಳ್ಳಿ.

ಯಾವಾಗ ಹೋಗುತ್ತೀರಿ ಅಂತ ಇಲ್ಲೇ ಬರೆಯಿರಿ. ಆ ಅಮ್ಮನನ್ನು ಒಂದು ಮಾತು ಕೇಳಿ ದಾರಿ ಹೇಳುತ್ತೇನೆ. ಅವರ ತೋಟದಲ್ಲಿ ಈ ಸಲ ಮೊದಲ ಫಸಲು ಮುಗಿದಿದೆಯಂತೆ, ಎರಡನೆಯದು ಬರುವ ಹೊತ್ತಿಗೆ ನಾನೂ ಮತ್ತೆ ಹೋಗುತ್ತಿದ್ದೇನೆ. ಈ ಸಲ ಹೋಂಸ್ಟೇ ಬೇಡ, ಮನೆಗೇ ಬಾ ಅಂದಿದ್ದಾರೆ.