ಗ್ರೈಂಡರ್ ಹಿಡಿದ ಕೈ ಜುಮ್ ಅಂದರೆ

ಸರ್, ಕೊಟ್ಟಿಗೆಯ ಹಳೇ ಜಿಐ ಪೈಪ್ ಕತ್ತರಿಸುವಾಗ ಗ್ರೈಂಡರ್ ಹಿಡಿದ ಕೈ ಜುಮ್ ಅನ್ನುತ್ತದೆ, ಮನೆಯಿಂದ 40 ಮೀಟರ್ ವೈರ್ ಎಳೆದಿದ್ದೇನೆ, ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲು ಬೋರ್ಡಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಆ ಮಷೀನ್ ಪಕ್ಕಕ್ಕಿಡಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ಕೈ ಜುಮ್ ಅಂತು ಅಂದರೆ ಕರೆಂಟ್ ಆಗಲೇ ನಿಮ್ಮ ಮೈಯೊಳಗಿಂದ ನೆಲಕ್ಕೆ ಹೋಗುತ್ತಿದೆ. ಸದ್ಯಕ್ಕೆ ಅದು ಒಂದೆರಡು ಮಿಲಿಆಂಪ್ ಇರಬಹುದು. ಚಪ್ಪಲಿ ಒಣಗಿದೆ, ನೆಲ ಒಣಗಿದೆ, ಅದಕ್ಕೆ ಅಷ್ಟರಲ್ಲೇ ನಿಂತಿದೆ. ಕೊಟ್ಟಿಗೆ ನೆಲ ಯಾವಾಗಲೂ ಒಣಗಿರುತ್ತಾ? ಗಂಜಲ ಹರಿದಿರುತ್ತದೆ, ಕೈ ಬೆವರಿರುತ್ತದೆ. 10-15 ಮಿಲಿಆಂಪ್ ಆದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಜೀವಕ್ಕೇ ಅಪಾಯ.

ಮನೆಯಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದೆ, ಅದು ಬೀಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. 16 ಆಂಪ್ ಎಂಸಿಬಿ ಅಂದರೆ 16,000 ಮಿಲಿಆಂಪ್. ನಿಮ್ಮ ಜೀವ ಹೋಗಲು ಬೇಕಾದಷ್ಟು ಕರೆಂಟ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು.

ಅರ್ಥಿಂಗ್ ಒಂದನ್ನೇ ನಂಬುವುದೂ ಬೇಡ. ಲೆಕ್ಕ ಸುಲಭ. ನಿಮ್ಮ ಅರ್ಥ್ ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 20 ಓಮ್ ಇದೆ ಅಂದುಕೊಳ್ಳಿ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ಮಣ್ಣಿನಲ್ಲಿ ಇನ್ನೂ ಜಾಸ್ತಿಯೇ ಇರಬಹುದು. ಕರೆಂಟ್ ತರುವ ಫೇಸ್ ವೈರ್ ಹೋಗಿ ಮಷೀನ್ ಬಾಡಿಗೆ ತಾಗಿದರೆ 230 ವೋಲ್ಟ್ ಭಾಗಿಸು 20, ಅಂದರೆ 11.5 ಆಂಪ್ ಮಾತ್ರ ಹರಿಯುತ್ತದೆ. 16 ಆಂಪ್ ಎಂಸಿಬಿ ಅಲ್ಲಾಡುವುದಿಲ್ಲ. ಬಾಡಿಯಲ್ಲಿ ಕರೆಂಟ್ ಹಾಗೇ ಇರುತ್ತದೆ, ಮುಟ್ಟಿದವರಿಗೆ ಹೊಡೆಯುತ್ತದೆ. ಹಾಗಂತ ಅರ್ಥಿಂಗ್ ಬಿಡಬೇಡಿ. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ, ಕ್ಲಾಂಪ್ ತುಕ್ಕು ಹಿಡಿದಿದೆಯಾ ನೋಡಿ.

ಇದಕ್ಕೆ ನಿಜವಾಗಿ ಬೇಕಾದದ್ದು 30 ಮಿಲಿಆಂಪ್ ಆರ್‌ಸಿಸಿಬಿ ಅನ್ನುವ ಸ್ವಿಚ್. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪ್ ಬೇರೆ ದಾರಿ ಹಿಡಿಯಿತು ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಕೊಳ್ಳುವಾಗ ಮೈಮೇಲೆ 30 ಎಂಎ ಅಂತ ಬರೆದಿರುವುದನ್ನು ನೋಡಿಯೇ ತನ್ನಿ. 100, 300 ಎಂಎ ಕೂಡ ಸಿಗುತ್ತವೆ, ಆದರೆ ಮನುಷ್ಯರನ್ನು ಉಳಿಸಲು 30ರದ್ದೇ ಬೇಕು. ಎಂಸಿಬಿ ತೆಗೆಯಬೇಡಿ, ಎರಡೂ ಇರಲಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಬೀಳದಿದ್ದರೆ ಬದಲಾಯಿಸಿ. ಪದೇ ಪದೇ ಬೀಳುತ್ತೆ ಅಂತ ವೈರ್‌ಮನ್ ಬೈಪಾಸ್ ಮಾಡಲು ಹೊರಟರೆ ದಯವಿಟ್ಟು ಬಿಡಬೇಡಿ. ಎಲ್ಲೋ ಲೀಕ್ ಇದೆ ಅಥವಾ ಎರಡು ಲೈನಿನ ನ್ಯೂಟ್ರಲ್ ಒಂದಕ್ಕೊಂದು ಸೇರಿದೆ, ಅದನ್ನು ಹುಡುಕಿಸಿ. ಇನ್ನೊಂದು ವಿಷಯ: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಯೂ ಕಾಯುವುದಿಲ್ಲ.

ಈಗ ನಿಮ್ಮ ಗ್ರೈಂಡರ್. ಅದರ ಲೇಬಲ್ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್‌ದು. ಅದಕ್ಕೆ ಅರ್ಥ್ ವೈರ್ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅಂಥದ್ದರಲ್ಲಿ ಜುಮ್ ಬಂದರೆ ಒಳಗೆ ಕಬ್ಬಿಣದ ಪುಡಿ, ಕಾರ್ಬನ್ ಪುಡಿ, ತೇವ ಸೇರಿ ಇನ್ಸುಲೇಷನ್ ಸೋತಿರಬಹುದು. ಹೊರಗಿನಿಂದ ಒರೆಸಿದರೆ ಆಗಲ್ಲ, ಬಿಚ್ಚಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ನೋಡುವವರ ಹತ್ತಿರ ಕೊಡಿ. ಇನ್ನೂ ಒಂದು ಅನುಮಾನ ಇದೆ: ತಪ್ಪು ಗ್ರೈಂಡರ್‌ದೇ ಅಲ್ಲದೆಯೂ ಇರಬಹುದು. ಅದರ ಪ್ಲಗ್ ಕಿತ್ತು, ಕತ್ತರಿಸುತ್ತಿದ್ದ ಪೈಪಿಗೂ ಕೊಟ್ಟಿಗೆಯ ಕಂಬಕ್ಕೂ ಟೆಸ್ಟರ್ ಇಟ್ಟು ನೋಡಿ. ದೀಪ ಹತ್ತಿದರೆ ಅಲ್ಲಿಗೆ ಎಲ್ಲಿಂದಲೋ ಕರೆಂಟ್ ಬರುತ್ತಿದೆ ಅಂತ ಅರ್ಥ, ಶೀಟಿಗೋ ಕಂಬಕ್ಕೋ ಬಲ್ಬಿನ ವೈರ್ ತಾಗಿರಬಹುದು. ಯಾರೂ ಮುಟ್ಟದಂತೆ ಹೇಳಿ, ಮೇನ್ ಆಫ್ ಮಾಡಿ. ಅದಾದ ಮೇಲೆ ಹಸುಗಳನ್ನು ಹೊರಗೆ ಕಟ್ಟಿ. ಹತ್ತದಿದ್ದರೂ ಆ ಟೆಸ್ಟರ್ ನಂಬಿ ಕೆಲಸ ಶುರು ಮಾಡಬೇಡಿ.

40 ಮೀಟರ್ ವೈರ್ ಬಗ್ಗೆ. ಮನೆಯ ಬೋರ್ಡಿಗೆ ಬರುವ ಸಪೂರ ಎಕ್ಸ್‌ಟೆನ್ಷನ್ ಸಾಲದು. 2.5 ಚದರ ಮಿಮೀ, ಮೂರು ಕೋರಿನ ತಾಮ್ರದ ಕೇಬಲ್ ತನ್ನಿ. ರೀಲ್ ಇದ್ದರೆ ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ ಹಾಗೆಯೇ ಓಡಿಸಿದರೆ ಒಳಗಿನ ಸುತ್ತು ಬಿಸಿಯಾಗಿ ಕರಗುತ್ತದೆ. ಪ್ಲಗ್ ಇಲ್ಲದೆ ವೈರ್ ತುದಿ ಸುಲಿದು ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಅದನ್ನು ಮಾತ್ರ ಬಿಡಲೇಬೇಕು.

ಮಧ್ಯದಲ್ಲಿ ಟೇಪ್ ಸುತ್ತಿದ ಜಾಯಿಂಟ್ ಬೇಡವೇ ಬೇಡ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಮೇವು ಕತ್ತರಿಸುವ ಮಷೀನಿಗೆ ಎಳೆದಿದ್ದ ವೈರಿನಲ್ಲಿ ಅಂಥದ್ದೊಂದು ಜಾಯಿಂಟ್ ಇತ್ತು, ಒದ್ದೆ ಹುಲ್ಲಿನ ಮೇಲೆ ಬಿದ್ದಿತ್ತು. ದಾರಿಗೆ ಅಡ್ಡ ಅಂತ ನನ್ನ ತಮ್ಮ ಎತ್ತಿ ಆಚೆ ಹಾಕಲು ಹೋದ. ಕೈ ಕಚ್ಚಿಕೊಂಡಿತು. ಕೂಗಲೂ ಆಗಲಿಲ್ಲ ಅವನಿಗೆ. ಅಮ್ಮ ನೋಡಿ ಓಡಿಹೋಗಿ ಮೇನ್ ಇಳಿಸಿದರು. ಅಂಗೈ ಸುಟ್ಟಿತ್ತು, ವಾರಗಟ್ಟಲೆ ಕತ್ತಿ ಹಿಡಿಯಲಾಗಲಿಲ್ಲ. ಆಗ ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇರಲಿಲ್ಲ.

ಅಮ್ಮ ಮಾಡಿದ್ದೇ ಸರಿಯಾದ ಕ್ರಮ. ಯಾರಿಗಾದರೂ ಹೊಡೆದರೆ ಮೊದಲು ಮೇನ್, ಆಮೇಲೆ ಮನುಷ್ಯ. ಮೇನ್ ದೂರ ಇದ್ದರೆ ಒಣಗಿದ ಜಾಗದಲ್ಲಿ ನಿಂತು ಒಣಗಿದ ಮರದ ಕೋಲಿನಿಂದ ವೈರ್ ಸರಿಸಿ, ಕೈ ಹಾಕಬೇಡಿ. ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಗಟ್ಟಿಯಾಗಿ ಒತ್ತುತ್ತಲೇ ಇರಿ.

ಕರೆಂಟ್ ಹೋದಾಗಲೂ ಹುಷಾರು. ಗ್ರೈಂಡರ್ ಸ್ವಿಚ್ ಲಾಕ್ ಆಗಿದ್ದ ಹಾಗೇ ಕೆಳಗಿಟ್ಟು ಕಾಫಿಗೆ ಹೋಗುತ್ತೇವೆ, ಅಲ್ವಾ? ಕರೆಂಟ್ ಬಂದ ಕೂಡಲೇ ಅದು ತಾನೇ ತಿರುಗುತ್ತದೆ. ಅಂಗಳದಲ್ಲಿ ಮಕ್ಕಳಿರುತ್ತಾರೆ. ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಡಿಸ್ಕ್ ಬದಲಿಸುವಾಗಲೂ ಅಷ್ಟೇ.

ನಿಮ್ಮ ಮೇನ್ ಬೋರ್ಡಿನದ್ದೊಂದು, ಗ್ರೈಂಡರ್ ಲೇಬಲ್‌ದೊಂದು ಫೋಟೋ ಇಲ್ಲಿ ಹಾಕಿ. ಆರ್‌ಸಿಸಿಬಿ ಇದೆಯಾ, ಎಷ್ಟು ಆಂಪ್‌ದು ಬೇಕು ನೋಡಿ ಹೇಳುತ್ತೇನೆ. ಟೆಸ್ಟರ್ ದೀಪ ಹತ್ತಿದ್ದರೆ ವೈರ್‌ಮನ್ ಬಂದು ಲೀಕ್ ತೆಗೆಯುವವರೆಗೆ ಪೈಪನ್ನು ಮುಟ್ಟಲೇಬೇಡಿ. ಲೀಕ್ ಇಲ್ಲ ಅಂತ ಖಾತ್ರಿಯಾದ ಮೇಲೆ, ಗ್ರೈಂಡರ್ ರಿಪೇರಿಯಾಗಿ ಬರುವ ತನಕ ಹ್ಯಾಕ್ಸಾದಲ್ಲಿ ಕತ್ತರಿಸಿ. ಜಿಐ ಪೈಪು, ಒಂದೊಂದಕ್ಕೆ ಐದು ನಿಮಿಷ ಜಾಸ್ತಿ ಹಿಡಿಯಬಹುದು ಅಷ್ಟೇ.